ಪಡಸಾಲೆಯಲ್ಲೊಂದು ಮರಗೆಲಸ

ಗಂಗಾವತಿ, ಕೊಪ್ಪಳದಂಥ ಊರುಗಳಲ್ಲಿ ಹೊಸ ಮನೆ ಕಟ್ಟಿಸುವವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಈಚೆಗೆ ಪಾರ್ಕಿಂಗಿನ ಒಂದು ಮೂಲೆಯನ್ನು ಮರಗೆಲಸಕ್ಕೆಂದು ಬಿಡಿಸಿಕೊಳ್ಳುತ್ತಿದ್ದಾರೆ. ನಿವೃತ್ತ ಮೇಷ್ಟ್ರು, ಬೆಂಗಳೂರಿನ ನೌಕರಿಯನ್ನು ಮನೆಯಲ್ಲೇ ಕೂತು ಮಾಡುವ ಹುಡುಗರು, ಅಕ್ಕಿ ಗಿರಣಿಯ ಲೆಕ್ಕ ನೋಡುವವರು. ಕೊರಿಯರ್‌ನವನು ಪೆಟ್ಟಿಗೆ ತಂದಿಳಿಸುತ್ತಾನೆ: ಡ್ರಿಲ್, ಜಿಗ್ ಸಾ, ಸ್ಯಾಂಡರ್, ನೂರೆಂಟು ಬಿಟ್‌ಗಳ ಡಬ್ಬಿ. ಗೋಡೆಗೊಂದು ಪ್ಲೈವುಡ್ ಹಲಗೆ ಬಡಿದು ಎಲ್ಲವನ್ನೂ ಸಾಲಾಗಿ ತೂಗುಹಾಕುತ್ತಾರೆ. ನೋಡಲು ಚೆಂದ. ಆರು ತಿಂಗಳು ಬಿಟ್ಟು ಹೋದರೆ ಆ ಮೂಲೆಯಲ್ಲಿ ಬೈಕು ನಿಂತಿರುತ್ತದೆ, ಪಕ್ಕದಲ್ಲಿ ನೆಲ್ಲಿನ ಚೀಲ.

ಇವರಿಗೆ ಆಸಕ್ತಿ ಇರಲಿಲ್ಲ ಎಂದು ನನಗೆ ಅನಿಸುವುದಿಲ್ಲ. ಸಲಕರಣೆ ಕೂಡಿಸಿದ ಕ್ರಮವೇ ತಲೆಕೆಳಗಾಗಿತ್ತು. ಏನು ಮಾಡಬೇಕು, ಯಾವ ಕಟ್ಟಿಗೆಯಲ್ಲಿ ಮಾಡಬೇಕು, ಆ ಕಟ್ಟಿಗೆಯನ್ನು ಅಲುಗಾಡದಂತೆ ಹಿಡಿಯುವುದು ಹೇಗೆ ಎಂಬುದು ಗೊತ್ತಾಗುವ ಮೊದಲೇ ಯಂತ್ರ ಬಂದು ಕೂತಿರುತ್ತದೆ. ಇದೇ ಜಿಲ್ಲೆಯಲ್ಲಿ, ಕೊಪ್ಪಳದಿಂದ ಹದಿಮೂರು ಕಿಲೋಮೀಟರ್ ಆಸುಪಾಸಿನಲ್ಲಿ, ಇದಕ್ಕೆ ತೀರಾ ಬೇರೆ ದಾರಿಯಲ್ಲಿ ಬೆಳೆದ ಮನೆಯೊಳಗಿನ ಮರಗೆಲಸವೊಂದಿದೆ: ಕಿನ್ನಾಳದ ಚಿತ್ರಗಾರರದ್ದು. ಕಿನ್ನಾಳದ ಗೊಂಬೆಯನ್ನು ಹೊಗಳಿ ಬರೆದವರು ಬಹಳ ಮಂದಿ. ಆ ಗೊಂಬೆ ಹುಟ್ಟುವ ಜಾಗ ಕೆಲಸಕ್ಕೆ ಎಷ್ಟು ಒದಗುತ್ತದೆ, ಎಲ್ಲಿ ಸೋಲುತ್ತದೆ ಎಂದು ಅಳೆದು ನೋಡಿದವರು ಕಡಿಮೆ.

ಅಲ್ಲಿ ಕೆಲಸ ನಡೆಯುವುದು ಹೆಚ್ಚಾಗಿ ಪಡಸಾಲೆಯಲ್ಲಿ, ಇಲ್ಲವೇ ಬಾಗಿಲ ಮುಂದಿನ ಕಟ್ಟೆಯ ಮೇಲೆ. ಬೆಂಚಿಲ್ಲ, ವೈಸಿಲ್ಲ. ನೆಲಕ್ಕೆ ಕೂತ ಮನುಷ್ಯ, ಮುಂದೊಂದು ದಿಮ್ಮಿ, ಕೈಯಳತೆಯಲ್ಲಿ ಬಾಚಿ, ನಾಲ್ಕಾರು ಉಳಿ, ಕೊಡತಿ, ಅರ, ಚೂರಿ. ಕಟ್ಟಿಗೆಯನ್ನು ಹಿಡಿಯುವ ಕೆಲಸ ಪಾದ ಮತ್ತು ಮೊಣಕಾಲಿನದ್ದು. ಇಷ್ಟರಲ್ಲೇ ಸಂಸಾರ ಸಾಗಲು ಕಾರಣ ಕಟ್ಟಿಗೆಯೇ. ಪೋಲ್ಕಿ ಮರ ಹಗುರ, ಮೆದು. ಉಳಿ ಇಟ್ಟ ಕಡೆ ಬಿಟ್ಟುಕೊಡುತ್ತದೆ. ಇದೇ ಸಲಕರಣೆ ಹಿಡಿದು ಸಾಗವಾನಿಯ ಮುಂದೆ ಕೂತರೆ ಸಂಜೆಯಾದರೂ ಗಿಣಿಯ ಕೊಕ್ಕು ಮೂಡಲಿಕ್ಕಿಲ್ಲ.

ಆಕೃತಿಯನ್ನು ಒಂದೇ ತುಂಡಿನಲ್ಲಿ ಕೆತ್ತುವ ಪದ್ಧತಿ ಇಲ್ಲಿಲ್ಲ. ಭಾಗಗಳನ್ನು ಬಿಡಿಬಿಡಿಯಾಗಿ ಮಾಡಿಕೊಂಡು ಹುಣಸೆ ಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ಗರುಡನ ಮೂರ್ತಿಗೆ 12 ಭಾಗಗಳು, ಸಿಂಹಾಸನದ ಮೇಲೆ ಕೂತ ಗಣೇಶನಿಗೆ 22. ಕೂಡಿಸಿದ ಮೇಲೆ ಕಿಟ್ಟದ ಸರದಿ. ಗೋಣಿನಾರಿನ ಚಿಂದಿಯನ್ನು ನೆನೆಹಾಕಿ, ಎಳೆಎಳೆಯಾಗಿ ಬಿಡಿಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಗರಗಸದ ಹೊಟ್ಟನ್ನೂ ಹುಣಸೆ ಬೀಜದ ಅಂಟನ್ನೂ ಸೇರಿಸಿ ಕಲಸಿದ್ದೇ ಕಿಟ್ಟ. ಅದನ್ನು ಬೆರಳಿನಿಂದಲೇ ಗೊಂಬೆಯ ಮೈತುಂಬ ಬಳಿಯುತ್ತಾರೆ. ಭುಜ ಕೂಡಿದ ಸಂದು, ರೆಕ್ಕೆ ಅಂಟಿದ ಗೆರೆ ಎಲ್ಲ ಮುಚ್ಚಿಹೋಗುತ್ತವೆ. ಅದರ ಮೇಲೆ ಹತ್ತಿಯ ಚೂರುಗಳನ್ನು ಅದೇ ಅಂಟಿನಲ್ಲಿ ಹಚ್ಚುವುದು, ಅದರ ಮೇಲೆ ಹರಳುಕಲ್ಲಿನ ಪುಡಿಯ ಲೇಪ. ಕಿರೀಟ, ಒಡವೆಗಳ ಉಬ್ಬುಗೆಲಸಕ್ಕೂ ಇದೇ ಕಲ್ಲುಪುಡಿ ಮತ್ತು ಅಂಟು. ಬಣ್ಣ ಬರುವುದು ಕಟ್ಟಕಡೆಗೆ. ತವರದಿಂದ ಚಿನ್ನದ ಹೊಳಪು ತರುವ ಲಾಜವಾರ ವಿಧಾನವೂ ಇವರ ಕೈಯಲ್ಲಿದೆ.

ಮರಗೆಲಸದ ಜಾಗವನ್ನು ಹೇಗೆ ಅಣಿಮಾಡಬೇಕು ಎಂದು ಕೇಳುವವರಿಗೆ ಈ ವಿವರದಲ್ಲೇ ಉತ್ತರದ ಬಹುಭಾಗ ಇದೆ. ಕಿಟ್ಟ ಸಂದನ್ನು ಮುಚ್ಚುವುದರಿಂದ ಕೂದಲೆಳೆಯಷ್ಟು ಬಿಗಿಯಾದ ಜೋಡಣೆ ಬೇಕಿಲ್ಲ. ಅದು ಬೇಡವಾದ್ದರಿಂದ ನೇರ ಕೊಯ್ಯುವ ಯಂತ್ರ ಬೇಕಿಲ್ಲ, ಯಂತ್ರ ಇಲ್ಲದ್ದರಿಂದ ಬೆಂಚು ಬೇಕಿಲ್ಲ. ಲೇತ್ ಕೂಡ ಬೇಕಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುತ್ತಾರೆ. ಅಲ್ಲಿ ಲೇತೇ ಮನೆಯ ಯಜಮಾನ. ಗೊಂಬೆ ಎಂದರೆ ಎಲ್ಲ ಒಂದೇ ಎಂದುಕೊಂಡು ಆ ಯಂತ್ರವನ್ನು ಕಿನ್ನಾಳದ ಪಡಸಾಲೆಗೆ ತಂದಿಟ್ಟರೆ ಅದರ ಮೇಲೆ ಬಟ್ಟೆ ಒಣಹಾಕಬೇಕಾದೀತು. ಅಂದಹಾಗೆ, ಲೇತ್ ಕೊಳ್ಳುವ ಆಸೆ ಇರುವ ಯಲಬುರ್ಗಾ ಕಡೆಯವರು ಮೊದಲು 1112ರ ಇಟಗಿಯ ಮಹಾದೇವ ಗುಡಿಯ ಕಂಬಗಳನ್ನು ನೋಡಿಬರಲಿ. ಕಲ್ಲನ್ನೇ ತಿರುಗಣಿಗೆ ಕೊಟ್ಟು ತೆಗೆದಂತಿರುವ ಆ ಬಳೆಗಳು, ಗಿಂಡಿಗಳು, ಚೂಪಾದ ಅಂಚುಗಳು: ಮಾಡಬೇಕಾದ್ದರ ಆಕಾರ ತಲೆಯಲ್ಲಿ ಮೊದಲೇ ಗಟ್ಟಿಯಾಗಿ ಇಲ್ಲದಿದ್ದರೆ ಇವು ಆಗುವಂಥವಲ್ಲ.

ಕಿನ್ನಾಳದ ಇನ್ನೊಂದು ಗುಣ ನನಗೆ ಬಹಳ ಹಿಡಿಸಿದ್ದು. ಗರಗಸದ ಹೊಟ್ಟು ಕಿಟ್ಟಕ್ಕೆ ಹೋಗುತ್ತದೆ. ಹಬ್ಬ ಬಂದಾಗ ಸಗಣಿ ಮತ್ತು ಹೊಟ್ಟು ಸೇರಿಸಿ ಮೂರ್ತಿ ಮಾಡುವುದೂ ಉಂಟು. ಪಟ್ಟಣದ ಪಾರ್ಕಿಂಗ್ ಮೂಲೆಯಲ್ಲಿ ಹೊಟ್ಟು ಗುಡಿಸುವುದೇ ಮನೆಮಂದಿಯೊಂದಿಗಿನ ಮೊದಲ ಜಗಳ. ಇನ್ನು ಮನೆ ಬೇರೆ, ಕೆಲಸದ ಜಾಗ ಬೇರೆ ಅಲ್ಲದ್ದರಿಂದ ಹೆಂಗಸರೂ ಮಕ್ಕಳೂ ಅಂಟು ಕಾಸುವುದು, ಬಣ್ಣ ತುಂಬುವುದು ಮಾಡುತ್ತ ಕಸುಬನ್ನು ಕಣ್ಣಿನಿಂದಲೇ ಕಲಿಯುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳು ಈ ಮನೆತನಗಳ ಹಿರಿಯರ ಕೈಯವೆಂಬ ನಂಬಿಕೆ ಊರಿನಲ್ಲಿದೆ. ಅದು ಇತಿಹಾಸಕಾರರಿಗೆ ಬಿಟ್ಟ ಮಾತು. ಬೇರೆ ಶಾಲೆ ಇಲ್ಲದೆ ಕಸುಬು ಇಷ್ಟು ಕಾಲ ಉಳಿದದ್ದಂತೂ ಈ ಪಡಸಾಲೆಯಿಂದ.

ಹಾಗೆಂದು ಈ ಪಡಸಾಲೆಗೆ ಪೂರ್ತಿ ಅಂಕ ಕೊಡಲಾರೆ. ಮೊದಲ ಕೊರತೆ ಬೆಳಕು. ಬಾಗಿಲಿನಿಂದ ಬರುವ ಬೆಳಕು ಒಂದು ಮಗ್ಗುಲಿನದ್ದು. ಮೋಡ ಕವಿದರೆ ಕಣ್ಣು ಬರೆಯುವ ಕೆಲಸ ನಿಲ್ಲುತ್ತದೆ, ನಿಲ್ಲಿಸದಿದ್ದರೆ ಕೆಡುತ್ತದೆ. ಮಳೆಗಾಲದಲ್ಲಿ ಅಂಟು, ಕಿಟ್ಟ ಒಣಗುವುದು ನಿಧಾನ, ಒಣಗಲು ಇಟ್ಟ ಭಾಗಗಳು ಮನೆಯ ಜಾಗವನ್ನೆಲ್ಲ ತಿನ್ನುತ್ತವೆ. ಅಡುಗೆ ಮನೆ ನಾಲ್ಕು ಹೆಜ್ಜೆ ದೂರ. ಈಗಿನ ಪೇಂಟು, ವಾರ್ನಿಶುಗಳ ವಾಸನೆ ಅನ್ನದ ಗಡಿಗೆಯವರೆಗೂ ಹೋಗುತ್ತದೆ. ಹಳೆಯ ಬಣ್ಣಗಳ ಕಾಲಕ್ಕೆ ಸರಿಯಿದ್ದ ಏರ್ಪಾಟು ಈ ಕಾಲದ ಬಣ್ಣಗಳಿಗೆ ಸರಿ ಎಂದು ಹೇಳಲಾಗದು. ಮೊಣಕಾಲಿನ ಮಾತಂತೂ ಹೇಳುವುದೇ ಬೇಡ. ಸಂಪ್ರದಾಯ ಎಂಬ ಹೆಸರಿನಲ್ಲಿ ಇವನ್ನೆಲ್ಲ ಚೆಂದವೆಂದು ಫೋಟೊ ತೆಗೆಯುವವರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಒಂದು ಗಾಳಿದೂಡುವ ಫ್ಯಾನು, ಕೆಲಸದ ಮೇಲೆ ಎಡಬಲ ಎರಡೂ ಕಡೆಯಿಂದ ಬೀಳುವ ಎಲ್‌ಇಡಿ ಬೆಳಕು, ಬಣ್ಣಕ್ಕೊಂದು ಪ್ರತ್ಯೇಕ ಮೂಲೆ ಮಾಡಿದರೆ ಕಲೆಯ ಮಾನ ಹೋಗುವುದಿಲ್ಲ.

ನೆಲದಲ್ಲಿ ಕೂರುವುದೇ ತಪ್ಪು ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಜಪಾನಿನ ಬಡಗಿಗಳು ನೆಲಕ್ಕೆ ಕೂತು, ಇಲ್ಲವೇ ತಗ್ಗಾದ ತೊಲೆಯ ಮೇಲೆ ಕಟ್ಟಿಗೆ ಇಟ್ಟು, ಗರಗಸವನ್ನೂ ರಂದಾವನ್ನೂ ತಮ್ಮ ಕಡೆಗೆ ಎಳೆದು ಜಗತ್ತೇ ಬೆರಗಾಗುವಂಥ ಕೆಲಸ ಮಾಡಿದ್ದಾರೆ. ಕೆತ್ತನೆಗೆ ನೆಲ ಒಳ್ಳೆಯದು. ಉದ್ದನೆಯ ಹಲಗೆಗೆ ರಂದಾ ಹೊಡೆಯಬೇಕಾದರೆ, ಬಾಗಿಲ ಚೌಕಟ್ಟಿನ ಮೂಲೆ ಕೂಡಿಸಬೇಕಾದರೆ ನಿಂತು ಮಾಡುವ ಬೆಂಚೇ ಬೇಕು, ಅದೂ ಭಾರವಾದದ್ದು. ಅಮೆರಿಕದ ಕ್ರಿಸ್ಟೋಫರ್ ಶ್ವಾರ್ಜ್ 2011ರಲ್ಲಿ ಬರೆದ ‘ದಿ ಅನಾರ್ಕಿಸ್ಟ್ಸ್ ಟೂಲ್ ಚೆಸ್ಟ್’ ಪುಸ್ತಕ ಸಲಕರಣೆ ರಾಶಿ ಹಾಕುವುದನ್ನು ಬಿಟ್ಟು ಒಂದು ಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಒಳ್ಳೆಯದನ್ನು ಇಟ್ಟುಕೊಳ್ಳಿ ಎಂದು ವಾದಿಸಿ ಅಲ್ಲಿನ ಹವ್ಯಾಸಿಗಳಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ಕುಷ್ಟಗಿ ಕಡೆಯ ಬಡಿಗೇರರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ಅವರ ಜಾಗ ಪಡಸಾಲೆಯೂ ಅಲ್ಲ, ಮನೆಯ ಮುಂದಿನ ಬೇವಿನ ಗಿಡದ ನೆರಳು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಲ್ಲಿ ಬಿತ್ತನೆಗೆ ಮೊದಲು ಕೂರಿಗೆಯ ದಿಂಡು ಸೀಳಿದ್ದು, ತಾಳು ಸಡಿಲಾದದ್ದು, ಕುಂಟೆಯ ಈಸು ಮುರಿದದ್ದು ಎಲ್ಲ ಆ ನೆರಳಿಗೆ ಬರುತ್ತಿತ್ತು. ಕೂಲಿ ಸುಗ್ಗಿಯಲ್ಲಿ ಆಯದ ಕಾಳಾಗಿ ಬರುತ್ತಿತ್ತು. ಕಟ್ಟಿಗೆ ಕರಿಜಾಲಿ, ಬೇವು. ಗಟ್ಟಿ, ತಿರುಚು ನಾರು, ಉಳಿಯನ್ನು ಎದುರಿಸಿ ನಿಲ್ಲುವಂಥದ್ದು. ಅದಕ್ಕೆ ತಕ್ಕಂತೆ ಬಾಚಿ ಭಾರದ್ದು, ಕೊಡತಿ ಹುಣಸೆಯದ್ದು, ತೂತಿಗೆ ಬೈರಿಗೆ. ಮಾಡಬೇಕಾದ ಕೆಲಸ ಮೊದಲೇ ಗೊತ್ತು, ಸಲಕರಣೆ ಅದರ ಹಿಂದೆ ಬಂತು. ಟ್ರ್ಯಾಕ್ಟರಿನ ಕಬ್ಬಿಣದ ಕೂರಿಗೆ ಬಂದ ಮೇಲೆ ಆ ಕೆಲಸ ಕರಗಿ, ಬಡಿಗೇರರ ಮಕ್ಕಳು ಗಂಗಾವತಿಗೋ ಹೊಸಪೇಟೆಗೋ ಹೋಗಿ ಪ್ಲೈವುಡ್, ಲ್ಯಾಮಿನೇಟಿನ ಕೆಲಸಕ್ಕೆ ನಿಂತರು. ಅಲ್ಲಿ ಅವರ ಕೈಗೆ ಬಂದದ್ದು ಮಾರ್ಬಲ್ ಕಟ್ಟರ್.

ಈ ಯಂತ್ರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾಲ್ಕಿಂಚಿನ, ಕಲ್ಲು ಕೊಯ್ಯಲು ಮಾಡಿದ ಕಟ್ಟರಿಗೆ ಹಲ್ಲಿನ ಬ್ಲೇಡು ಹಾಕಿ, ಪ್ಲೈವುಡ್ ಮೇಜಿನ ಕೆಳಗೆ ತಲೆಕೆಳಗಾಗಿ ಬಿಗಿದು, ಸೀಳಿನಿಂದ ಬ್ಲೇಡು ಮೇಲೆ ಬರುವಂತೆ ಮಾಡಿದರೆ ಅದೇ ಟೇಬಲ್ ಸಾ. ಜಿಲ್ಲೆಯ ಯಾವ ಸೈಟಿಗೆ ಹೋದರೂ ಇದನ್ನು ಕಾಣಬಹುದು, ಈಗ ಹವ್ಯಾಸಿಗಳ ಮನೆಯಲ್ಲೂ. ಕಲ್ಲಿಗೆಂದು ಮಾಡಿದ್ದಾದ್ದರಿಂದ ನಿಮಿಷಕ್ಕೆ 12,000 ಸುತ್ತಿನ ಮೇಲೆ ತಿರುಗುತ್ತದೆ. ಕಟ್ಟಿಗೆಗೆಂದೇ ಮಾಡಿದ ಏಳೂಕಾಲು ಇಂಚಿನ ಗರಗಸದ ವೇಗ ಅದರ ಅರ್ಧದಷ್ಟು. ಇದಕ್ಕಿಂತ ದೊಡ್ಡ ಅಪಾಯ ಬ್ಲೇಡಿನ ಹಿಂದೆ ಇರಬೇಕಾದ ತೆಳು ಉಕ್ಕಿನ ಪಟ್ಟಿ ಇಲ್ಲದಿರುವುದು. ಸಾಗವಾನಿಯೋ ಬೇವೋ ಕೊಯ್ಯುತ್ತಿದ್ದಂತೆ ಕೊಯ್ದ ಎರಡು ಬದಿ ಒಳಗೆ ಬಿಗಿದುಕೊಂಡು ಬ್ಲೇಡಿನ ಹಿಂಬದಿಯನ್ನು ಹಿಡಿಯುತ್ತವೆ. ಹಿಂಬದಿಯ ಹಲ್ಲುಗಳು ಮೇಲೇಳುವ ದಿಕ್ಕಿನವು. ಹಲಗೆಯನ್ನು ಎತ್ತಿ ದೂಡುವವನ ಹೊಟ್ಟೆಗೇ ಒಗೆಯುತ್ತವೆ, ಬೆರಳು ಬ್ಲೇಡಿನ ಮೇಲೆ ಬೀಳುತ್ತದೆ. ಆ ಪಟ್ಟಿ ಕೊಯ್ದ ಸಂದಿನಲ್ಲಿ ನಿಂತು ಬಿಗಿಯುವುದನ್ನು ತಡೆಯುತ್ತದೆ. ಅದಿಲ್ಲದ ಮನೆಯ ಟೇಬಲ್ ಸಾ ಬಗ್ಗೆ ನನ್ನ ತೀರ್ಪು ಒಂದೇ: ಇಟ್ಟುಕೊಳ್ಳಬೇಡಿ. ಕಟ್ಟಿಗೆ ಅಡ್ಡೆಯವರಿಂದ ಬೇಕಾದ ಅಗಲಕ್ಕೆ ಸೀಳಿಸಿ ತಂದು, ಉಳಿದದ್ದನ್ನು ಕೈಗರಗಸದಲ್ಲಿ ಮಾಡಿ.

ಧೂಳಿನದ್ದೂ ಸಣ್ಣ ಮಾತಲ್ಲ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಚಿ ಉದುರಿಸುವ ಚಕ್ಕೆ ನೆಲಕ್ಕೆ ಬೀಳುತ್ತದೆ. ಸ್ಯಾಂಡರ್ ಎಬ್ಬಿಸುವ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಸ್ಯಾಂಡರ್ ಕೊಂಡವರು ವ್ಯಾಕ್ಯೂಮನ್ನೂ ಕೊಳ್ಳಲೇಬೇಕು, ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು. 1400 ವ್ಯಾಟಿನ ಗರಗಸವೂ 1200 ವ್ಯಾಟಿನ ವ್ಯಾಕ್ಯೂಮೂ ಒಟ್ಟಿಗೆ ನಡೆದರೆ 11 ಆಂಪಿಯರ್ ಮೀರುತ್ತದೆ. ಮೊಬೈಲ್ ಚಾರ್ಜ್ ಹಾಕುವ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಎಳೆದರೆ ವಯರು ಬಿಸಿಯಾಗುತ್ತದೆ. ಅರ್ಥಿಂಗ್ ಸರಿಯಿರುವ 16 ಆಂಪಿಯರಿನ ಪ್ರತ್ಯೇಕ ಪಾಯಿಂಟು, ಮುಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ: ಇದಕ್ಕೆ ಆಗುವ ಖರ್ಚು ಆ ನೂರೆಂಟು ಬಿಟ್‌ಗಳ ಡಬ್ಬಿಗಿಂತ ಉಪಯೋಗದ್ದು.

ಎಲ್ಲಕ್ಕಿಂತ ಮೊದಲು ಬರಬೇಕಾದ್ದು ಸಾಣೆಕಲ್ಲು. ಪಾರ್ಕಿಂಗ್ ಮೂಲೆಯ ಗೋಡೆಗಳಲ್ಲಿ ನಾನು ಅತಿ ಕಡಿಮೆ ಕಂಡದ್ದೂ ಅದನ್ನೇ. ಅಂಗಡಿಯಿಂದ ಬಂದ ಉಳಿ ಹರಿತವಾಗಿರುವುದಿಲ್ಲ, ಸಾಣೆ ಹಿಡಿಯಲು ತಯಾರಾಗಿರುತ್ತದೆ ಅಷ್ಟೆ. ಉಳಿಯ ಚಪ್ಪಟೆ ಬೆನ್ನನ್ನು ಮೊದಲು ಕಲ್ಲಿನ ಮೇಲೆ ಉಜ್ಜಿ ಕನ್ನಡಿಯಾಗಿಸಬೇಕು. ಆಮೇಲೆ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು, ಬೆನ್ನಿನ ಕಡೆ ಬೆರಳಿಗೆ ಸಣ್ಣ ಮಡಿಕೆ ತಡಕುವವರೆಗೆ ತೀಡಬೇಕು. ಆ ಮಡಿಕೆಯನ್ನು ನುಣುಪು ಕಲ್ಲಿನಲ್ಲೂ ಚರ್ಮದ ಪಟ್ಟಿಯಲ್ಲೂ ಒರೆಸಿ ತೆಗೆದ ಮೇಲೆ ಮೆದು ಕಟ್ಟಿಗೆಯ ಅಡ್ಡನಾರಿಗೆ ಇಟ್ಟು ದೂಡಿ ನೋಡಿ. ನಾರು ಪುಡಿಯಾದರೆ ಇನ್ನೂ ಸಾಣೆ ಬೇಕು. ಹೊಳೆಯುವ ಮೈ ಬಿಟ್ಟು ಹೋದರೆ ಉಳಿ ಸಿದ್ಧ. ಅಚ್ಚರಿ ಎಂದರೆ ಪರೀಕ್ಷೆಗೆ ಗಟ್ಟಿ ಕಟ್ಟಿಗೆಗಿಂತ ಮೆದು ಕಟ್ಟಿಗೆಯೇ ಕಠಿಣ. ಮೊಂಡು ಉಳಿ ಜಾಲಿಯಲ್ಲಿ ಹೇಗೋ ಹೋದೀತು, ಪೋಲ್ಕಿಯಲ್ಲಿ ನಾರು ಜಜ್ಜಿಹೋಗುತ್ತದೆ. ಕಿನ್ನಾಳದವರ ಕೈಯ ಉಳಿ ಎಷ್ಟು ಹರಿತ ಇರಬೇಕು ಎಂಬುದನ್ನು ಇದರಿಂದಲೇ ಊಹಿಸಬಹುದು.

ಇನ್ನು ಕಟ್ಟಿಗೆ. ದಾಂಡೇಲಿ ಕಡೆಯ ಸಾಗವಾನಿ ಕೊಂಡು ತಂದ ವಾರವೇ ಮೇಜು ಮಾಡುವವರು ಬೇಸಿಗೆಯಲ್ಲಿ ಅಳುತ್ತಾರೆ. ಕೊಪ್ಪಳದ ಏಪ್ರಿಲ್‌ನ ಒಣಗಾಳಿಯಲ್ಲಿ ಕಟ್ಟಿಗೆಯ ತೇವ ಶೇಕಡಾ ಆರರ ಹತ್ತಿರಕ್ಕೆ ಇಳಿಯಬಹುದು, ಮಳೆಗಾಲದಲ್ಲಿ ಅದರ ಎರಡು ಪಟ್ಟು ದಾಟಬಹುದು. ಸಾಗವಾನಿ ಬಹಳ ಕಡಿಮೆ ಕುಗ್ಗುವ ಮರ. ಆದರೂ ಅಡಿ ಅಗಲದ ಹಲಗೆ ಈ ವ್ಯತ್ಯಾಸಕ್ಕೆ ನಾಲ್ಕು ಮಿಲಿಮೀಟರ್‌ನಷ್ಟು ಅಲುಗಾಡುತ್ತದೆ. ಅಂಚಿಗೆಲ್ಲ ಮೊಳೆ ಹೊಡೆದು ಕಟ್ಟಿಹಾಕಿದರೆ ಸೀಳದೆ ಏನು ಮಾಡೀತು? ತಂದ ಕಟ್ಟಿಗೆಯನ್ನು ನಡುವೆ ಪಟ್ಟಿ ಇಟ್ಟು ಪೇರಿಸಿ, ಒಂದು ಬೇಸಿಗೆ ಕಳೆಯುವವರೆಗೆ ಮುಟ್ಟದೆ ಇಡುವ ಜಾಗ ಬೇಕು. ಮನೆಯ ಶೆಡ್ಡಿನ ನಕ್ಷೆಯಲ್ಲಿ ಇದಕ್ಕೆ ಯಾರೂ ಜಾಗ ಬಿಡುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರಿಗೆ ಈ ಜಿಲ್ಲೆಯಲ್ಲಿ ಒಂದು ವರವಿದೆ: ಊರೂರಲ್ಲಿ ಕೆಡವುತ್ತಿರುವ ಮಣ್ಣಿನ ಮಾಳಿಗೆ ಮನೆಗಳ ಜಂತಿ, ತೊಲೆ, ಕಂಬಗಳು. ಎರಡು ತಲೆಮಾರು ಹೊಗೆ ಕುಡಿದು ಒಣಗಿದ ಕಟ್ಟಿಗೆ ಅದು. ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ, ಗೆದ್ದಲು ಹಿಡಿದ ತುದಿ ಕತ್ತರಿಸಿ ಹಾಕಿದರೆ ಅಂಗಡಿಯ ಯಾವ ಹಲಗೆಯೂ ಇದರ ಸಮಕ್ಕೆ ಬರುವುದಿಲ್ಲ. ಇದು ಬಹುತೇಕ ಒಲೆಗೆ ಹೋಗುತ್ತಿದೆ.

ಸರ್ಕಾರದ ಕಡೆಯಿಂದ ಸಲಕರಣೆ ಬರುವ ದಾರಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಇದ್ದಾನೆ, ಸಾಂಪ್ರದಾಯಿಕ ಗೊಂಬೆ ಮತ್ತು ಆಟಿಕೆ ಮಾಡುವವನೂ ಇದ್ದಾನೆ. ಸಲಕರಣೆಗೆ 15,000 ರೂಪಾಯಿವರೆಗಿನ ವೋಚರ್, ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಆಮೇಲೆ ಶೇ 5ರ ಬಡ್ಡಿಗೆ ಸಾಲ. ಕಸುಬುದಾರನ ಮನೆಗೇ ಹಣ ಬರುವಂತೆ ಮಾಡಿದ್ದು ಒಳ್ಳೆಯ ಕೆಲಸ. ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಹಳೆಯ ಯಲಬುರ್ಗಾ ತಾಲ್ಲೂಕಿನ ಭಾನಾಪುರದಲ್ಲಿ, 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆ ಆಯಿತು. ಅದು ದೊಡ್ಡ ಕಾರ್ಖಾನೆಯ ಲೆಕ್ಕ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಿನ್ನಾಳದ ಗೊಂಬೆಗೆ ಅಲ್ಲಿ ಪಾಲು ಕೇಳುವುದಕ್ಕಿಂತ ಪಡಸಾಲೆಯನ್ನು ಸರಿಪಡಿಸುವುದೇ ಹತ್ತಿರದ ದಾರಿ.

ವಿಶ್ವಕರ್ಮದಲ್ಲಿ ನನ್ನ ತಕರಾರು ವೋಚರಿನ ಹೊತ್ತಿನ ಬಗ್ಗೆ. ಅದು ಮೂಲ ತರಬೇತಿಯ ಆರಂಭದಲ್ಲೇ ಸಿಗುವಂಥದ್ದು. ಕಸುಬು ಬಲ್ಲವನಿಗೆ ಇದರಿಂದ ತೊಂದರೆ ಇಲ್ಲ. ತನಗೆ ಏನು ಬೇಕೆಂದು ಅವನಿಗೆ ಗೊತ್ತು. ಆದರೆ ಅವನಿಗೆ ಬೇಕಾದ್ದು ಬಹಳ ಸಲ ಸಲಕರಣೆಯ ಪಟ್ಟಿಗೆ ಸೇರುವಂಥದ್ದೇ ಅಲ್ಲ: ಬೆಳಕು, ಗಾಳಿ, ಒಣಗಿಸುವ ಕಪಾಟು, ಬಣ್ಣದ ಮೂಲೆಗೊಂದು ಗೋಡೆ. ಕೂರಿಗೆಯ ಕೆಲಸ ಕಳೆದುಕೊಂಡು ಹೊಸದಾಗಿ ಕೂಡುಗೆಲಸ ಕಲಿಯಬೇಕಾದ ಕುಷ್ಟಗಿಯ ಹುಡುಗನಿಗೋ, ಮೊದಲ ದಿನ ಪೆಟ್ಟಿಗೆ ಕೈಗೆ ಬಂದರೆ ಅದರಲ್ಲಿ ಯಾವುದು ತನ್ನ ಕೈಯದ್ದು ಎಂದು ತಿಳಿಯುವ ಹೊತ್ತಿಗೆ ಹಣ ಮುಗಿದಿರುತ್ತದೆ. ಹದಿನೈದು ಸಾವಿರವನ್ನು ಎರಡಾಗಿ ಮಾಡಿ, ಐದು ಸಾವಿರದಲ್ಲಿ ಉಳಿ, ಗರಗಸ, ಸಾಣೆಕಲ್ಲನ್ನು ಮೊದಲು ಕೊಟ್ಟು, ಉಳಿದ ಹತ್ತನ್ನು ಆರು ತಿಂಗಳ ಮೇಲೆ, ಜಾಗದ ರಿಪೇರಿಗೂ ಬಳಸಬಹುದೆಂಬ ಸಡಿಲಿಕೆಯೊಂದಿಗೆ ಕೊಡಬಹುದು. ಗಂಗಾವತಿಯ ಪಾರ್ಕಿಂಗಿನವರೂ ತಮ್ಮ ಜೇಬಿನ ಹಣವನ್ನು ಇದೇ ಲೆಕ್ಕದಲ್ಲಿ ಬಿಚ್ಚಿದರೆ ಆ ಬೈಕು ಬೇರೆ ಕಡೆ ನಿಲ್ಲಬೇಕಾಗುತ್ತದೆ.